ಹಳೆಯ ಕಂಪ್ಯೂಟರಿಗೆ ಹೊಸ ಬಿಡಿಭಾಗ: ಹಣ ಎಲ್ಲಿ ಹಾಕಬೇಕು?



ನಿಮ್ಮಲ್ಲಿ ಅನೇಕರ ಮನೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರು ಇರಬಹುದು. ಅಣ್ಣನೋ ಅಕ್ಕನೋ ಕಾಲೇಜು ಸೇರಿದಾಗ ಕೊಂಡದ್ದು. ಈಗ ನಿಮ್ಮ ಪಾಲಿಗೆ ಬಂದಿದೆ. ಗುಂಡಿ ಒತ್ತಿ, ಹೋಗಿ ಮುಖ ತೊಳೆದು, ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ಪುಟ ಸ್ತಬ್ಧವಾಗುತ್ತದೆ, ಅಷ್ಟರಲ್ಲಿ ಅವಧಿ ಮುಗಿದು ಮತ್ತೆ ಮೊದಲಿನಿಂದ ತುಂಬಬೇಕಾಗುತ್ತದೆ. ಹೊಸದು ಕೊಡಿಸಿ ಎಂದು ಕೇಳುವ ಸ್ಥಿತಿಯಲ್ಲಿ ಮನೆ ಇರುವುದಿಲ್ಲ. "ಐದು ಸಾವಿರದೊಳಗ ಏನಾರ ಆಗ್ತತೇನು ನೋಡು" ಎಂದು ಅಪ್ಪ ಹೇಳುತ್ತಾರೆ. ಆ ಐದು ಸಾವಿರ ರೂಪಾಯಿಯನ್ನು ಎಲ್ಲಿ ಹಾಕಬೇಕು?

ಅಂಗಡಿಗೆ ಹೋದರೆ ಉತ್ತರ ಸಿಗುತ್ತದೆ. ಆದರೆ ಒಂದೊಂದು ಅಂಗಡಿಯಲ್ಲಿ ಒಂದೊಂದು ಉತ್ತರ. ಒಬ್ಬರು ಪ್ರೊಸೆಸರ್ ಬದಲಿಸಿ ಎನ್ನುತ್ತಾರೆ. ಇನ್ನೊಬ್ಬರು ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಎನ್ನುತ್ತಾರೆ. ಮತ್ತೊಬ್ಬರು, ಇದೆಲ್ಲ ಬಿಡಿ, ಕಂತಿನ ಮೇಲೆ ಹೊಸದೇ ತೆಗೆದುಕೊಳ್ಳಿ ಎನ್ನುತ್ತಾರೆ. ಅವರನ್ನು ದೂರಿ ಫಲವಿಲ್ಲ. ತಮ್ಮ ಬಳಿ ಇರುವ ಸರಕನ್ನು ಅವರು ಮಾರುತ್ತಾರೆ. ಕಂಪ್ಯೂಟರು ಎಲ್ಲಿ ತಡವರಿಸುತ್ತಿದೆ ಎಂಬುದನ್ನು ಕಂಡುಹಿಡಿಯಬೇಕಾದವರು ನೀವೇ. ಅದಕ್ಕೆ ಖರ್ಚು ಏನೂ ಇಲ್ಲ.

ವಿಷಯ ಸ್ಪಷ್ಟವಾಗಲೆಂದು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಊರು ಹರಿಹರ. ತಂದೆಯವರದು ಎರಡು ಲೇಥುಗಳಿರುವ ಸಣ್ಣ ವರ್ಕ್‌ಶಾಪು, ಬಿಲ್ಲು, ಜಿ.ಎಸ್.ಟಿ. ಲೆಕ್ಕವೆಲ್ಲ ಟ್ಯಾಲಿಯಲ್ಲಿ. ಮಗಳು ದಿನವೂ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ ಎಂಜಿನಿಯರಿಂಗ್ ಓದುತ್ತಾಳೆ. ಮಗ ಪಿ.ಯು.ಸಿ. ಮೂವರಿಗೂ ಇರುವುದು ಒಂದೇ ಕಂಪ್ಯೂಟರು. ಅದು 2012ರಲ್ಲಿ ಕೊಂಡದ್ದು: ಇಂಟೆಲ್ ಕಂಪನಿಯ ಎರಡನೆಯ ಪೀಳಿಗೆಯ ಐ3 ಪ್ರೊಸೆಸರು, ಎಚ್61 ಮದರ್‌ಬೋರ್ಡು, 2 ಜಿ.ಬಿ. ಮೆಮೊರಿ, 500 ಜಿ.ಬಿ. ಹಾರ್ಡ್ ಡಿಸ್ಕು. ಆಗ ಹಾಕಿದ್ದ 32 ಬಿಟ್ಟಿನ ವಿಂಡೋಸ್ 7 ಅನ್ನು ಆಮೇಲೆ ಯಾರೋ ವಿಂಡೋಸ್ 10ಕ್ಕೆ ಏರಿಸಿಕೊಟ್ಟಿದ್ದಾರೆ. ಆ ವರ್ಷಗಳಲ್ಲಿ ನಮ್ಮ ಊರುಗಳಲ್ಲಿ ಜೋಡಿಸಿ ಮಾರಿದ ಕಂಪ್ಯೂಟರುಗಳಲ್ಲಿ ಬಹಳಷ್ಟು ಹೀಗೆಯೇ ಇದ್ದವು. ನಿಮ್ಮದೂ ಇದರ ದಾಯಾದಿಯೇ ಇರಬಹುದು.

ನಾಲೆಯೂ ಲೇಥೂ

ದಾವಣಗೆರೆ ಸೀಮೆಯ ರೈತರ ಮಕ್ಕಳಿಗೆ ಮುಂದಿನ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಲಕ್ಕವಳ್ಳಿಯ ಭದ್ರಾ ಜಲಾಶಯ 186 ಅಡಿ ಮುಟ್ಟಿತು ಎಂದು ಪತ್ರಿಕೆಯಲ್ಲಿ ಓದಿ ಸಂತೋಷಪಡುತ್ತೇವೆ. ಆದರೆ ಅಚ್ಚುಕಟ್ಟಿನ ಕೊನೆಯ ಗದ್ದೆಗೆ ಎಷ್ಟು ನೀರು ಬರುತ್ತದೆ ಎಂಬುದನ್ನು ಆ 186 ಅಡಿಯೊಂದೇ ಹೇಳಲಾರದು. ನಡುವೆ ನಾಲೆ ಎಲ್ಲಿ ಅತಿ ಕಿರಿದಾಗಿದೆಯೋ, ಎಲ್ಲಿ ಹೂಳು ತುಂಬಿದೆಯೋ, ಅಲ್ಲಿ ದಾಟುವಷ್ಟೇ ನೀರು ಮುಂದಕ್ಕೆ. ಜಲಾಶಯವನ್ನು ಇನ್ನೂ ಹತ್ತು ಅಡಿ ಎತ್ತರಿಸಿದರೂ ಆ ಗದ್ದೆಗೆ ಹನಿ ಹೆಚ್ಚು ಸಿಗುವುದಿಲ್ಲ. ಹೂಳು ತೆಗೆಸಿದರೆ ಸಿಗುತ್ತದೆ.

ಹರಿಹರದವರಿಗೆ ಲೇಥಿನ ಉದಾಹರಣೆ ಇನ್ನೂ ಹತ್ತಿರ. 1941ರಲ್ಲಿ ಅಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷಕ್ಕೂ ಹೆಚ್ಚಾಯಿತು. ಆದರೂ ಅದರ ಲೇಥುಗಳನ್ನು ಇಂದಿಗೂ ಓರಣ ಮಾಡಿಕೊಂಡು ಓಡಿಸುವವರಿದ್ದಾರೆ. ಅವರು ಮೊದಲು ಏನು ನೋಡುತ್ತಾರೆ? ಬೆಡ್ ಸವೆದಿದೆಯೇ, ಸ್ಪಿಂಡಲ್ ಬೇರಿಂಗ್ ಅಲುಗುತ್ತಿದೆಯೇ ಎಂದು. ಬೇರಿಂಗ್ ಹೋಗಿರುವ ಲೇಥಿಗೆ ದೊಡ್ಡ ಮೋಟಾರು ಕೂರಿಸಿದರೆ ಕೆಲಸ ಇನ್ನಷ್ಟು ಕೆಡುತ್ತದೆ ಎಂಬುದು ಅವರಿಗೆ ಗೊತ್ತು. ಕಂಪ್ಯೂಟರಿನಲ್ಲಿ ಪ್ರೊಸೆಸರು ಆ ಮೋಟಾರು ಇದ್ದಂತೆ. ಎಲ್ಲರ ಕಣ್ಣೂ ಮೊದಲು ಅದರ ಮೇಲೆಯೇ ಬೀಳುತ್ತದೆ.

ಹಾಗಾದರೆ ನಮ್ಮ ಯಂತ್ರದಲ್ಲಿ ಹೂಳು ಎಲ್ಲಿದೆ? ಕಂಪ್ಯೂಟರು ನಿಧಾನವಾಗಿ ನರಳುತ್ತಿರುವ ಹೊತ್ತಿನಲ್ಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿ ತೆರೆಯುತ್ತದೆ. ಅದರಲ್ಲಿ ಸಿ.ಪಿ.ಯು., ಮೆಮೊರಿ, ಡಿಸ್ಕ್ ಎಂಬ ಕಂಬಸಾಲುಗಳೂ ಅವುಗಳ ತಲೆಯ ಮೇಲೆ ಶೇಕಡಾವಾರು ಅಂಕಿಗಳೂ ಇರುತ್ತವೆ. ಒಂದು ಕಾಗದ ತೆಗೆದುಕೊಂಡು ಮೂರು ಸನ್ನಿವೇಶಗಳಲ್ಲಿ ಅಂಕಿಗಳನ್ನು ಬರೆದುಕೊಳ್ಳಿ: ಯಂತ್ರ ಚಾಲೂ ಆದ ಮೊದಲ ಐದು ನಿಮಿಷ, ಬ್ರೌಸರಿನಲ್ಲಿ ನೀವು ಸಾಮಾನ್ಯವಾಗಿ ತೆರೆಯುವಷ್ಟು ಪುಟಗಳನ್ನು ತೆರೆದಾಗ, ಮತ್ತು ನಿಮ್ಮ ಅತ್ಯಂತ ಭಾರದ ಕೆಲಸ ನಡೆಯುವಾಗ. ಎರಡು ಮೂರು ದಿನ ಹೀಗೆ ಮಾಡಿ.

ನಾವು ಕಲ್ಪಿಸಿಕೊಂಡ ಮನೆಯಂಥ ಯಂತ್ರದಲ್ಲಿ ಕಾಣುವ ಚಿತ್ರ ಬಹುಮಟ್ಟಿಗೆ ಒಂದೇ ಬಗೆಯದು. ಡಿಸ್ಕು ನಿಮಿಷಗಟ್ಟಲೆ 100ಕ್ಕೆ ಅಂಟಿಕೊಂಡಿರುತ್ತದೆ, ಮೆಮೊರಿ 90ನ್ನು ದಾಟಿರುತ್ತದೆ, ಸಿ.ಪಿ.ಯು. ಮಾತ್ರ 20–30ರ ಆಸುಪಾಸಿನಲ್ಲಿ ಕೈಕಟ್ಟಿ ಕುಳಿತಿರುತ್ತದೆ. ಪ್ರೊಸೆಸರು ಬದಲಿಸಿ ಎಂದ ಅಂಗಡಿಯವರ ಮಾತು ಕೇಳಿದ್ದರೆ, ಕೈಕಟ್ಟಿ ಕುಳಿತವನ ಜಾಗಕ್ಕೆ ಇನ್ನೂ ಚುರುಕಾದವನನ್ನು ತಂದು ಕೈಕಟ್ಟಿ ಕೂರಿಸಿದಂತೆ ಆಗುತ್ತಿತ್ತು.

ತಿರುಗುವ ತಟ್ಟೆಯ ಲೆಕ್ಕ

ಡಿಸ್ಕು ಏಕೆ ಹೀಗೆ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದನ್ನು ಪಿ.ಯು.ಸಿ. ಭೌತಶಾಸ್ತ್ರ ಓದಿದವರು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು. ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಎಂದರೆ ಸೆಕೆಂಡಿಗೆ 120 ಸುತ್ತು. ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅಂದರೆ ಸುಮಾರು 4 ಮಿಲಿಸೆಕೆಂಡು. ಮುಳ್ಳನ್ನು ಹೊತ್ತ ತೋಳು ಸರಿಯಾದ ವರ್ತುಲಕ್ಕೆ ಸರಿಯಲು ಮತ್ತೆ 8 ಮಿಲಿಸೆಕೆಂಡಿನಷ್ಟು. ಒಟ್ಟು 12. ಹೀಗಾಗಿ ಅಲ್ಲೊಂದು ಇಲ್ಲೊಂದು ಚದುರಿದ ಮಾಹಿತಿಯನ್ನು ಸೆಕೆಂಡಿಗೆ ಸುಮಾರು 80 ಬಾರಿ ಮಾತ್ರ ಹೆಕ್ಕಿ ತರಬಹುದು. ವಿಂಡೋಸ್ ಏಳುವಾಗ ಬೇಕಾಗುವುದು ಹೀಗೆ ಚದುರಿದ ಸಾವಿರಾರು ಸಣ್ಣ ಕಡತಗಳು. ನೀವು ಕಾಫಿ ಕುಡಿದು ಬರುವಷ್ಟು ಸಮಯ ಹೋಗುವುದು ಇಲ್ಲಿಯೇ.

ದೂರದರ್ಶನದ ಸಂಕಲನ ಕೋಣೆಗಳಲ್ಲಿ ಕೆಲಸ ಮಾಡಿದವರಿಗೆ ಇದರ ಅನುಭವ ಚೆನ್ನಾಗಿದೆ. ಟೇಪಿನ ಕಾಲ ಮುಗಿದು ಡಿ.ವಿ. ರೂಪದ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಆರಂಭಿಸಿದಾಗ, ಒಂದು ಗಂಟೆಯ ಚಿತ್ರಕ್ಕೆ 13 ಜಿ.ಬಿ. ಬೇಕಾಗುತ್ತಿತ್ತು. ಒಂದೇ ದೃಶ್ಯವನ್ನು ಸಾಲಾಗಿ ಓದುವಾಗ ಡಿಸ್ಕು ಸರಾಗವಾಗಿ ಓಡುತ್ತಿತ್ತು. ಮೂರು ದೃಶ್ಯಗಳನ್ನು ಒಂದರ ಮೇಲೊಂದು ಹಾಕಿ ತೋರಿಸು ಎಂದರೆ ಮುಳ್ಳು ಮೂರು ಕಡೆ ಓಡಾಡಿ ಸುಸ್ತಾಗಿ ಚಿತ್ರ ಮುಗ್ಗರಿಸುತ್ತಿತ್ತು. ಪ್ರೊಸೆಸರಿನ ದೋಷ ಅದರಲ್ಲಿ ಏನೂ ಇರಲಿಲ್ಲ.

ಎಸ್.ಎಸ್.ಡಿ. ಎಂಬ ಸಂಗ್ರಹದಲ್ಲಿ ತಿರುಗುವ ತಟ್ಟೆಯಿಲ್ಲ, ತೋಳಿಲ್ಲ, ಎಲ್ಲವೂ ಚಿಪ್ಪುಗಳು. ಒಂದು ಬಾರಿ ಹೆಕ್ಕಲು ಸುಮಾರು 0.1 ಮಿಲಿಸೆಕೆಂಡು ಸಾಕು. ನೂರು ಪಟ್ಟಿಗೂ ಹೆಚ್ಚು ಬೇಗ. ಆದ್ದರಿಂದ ಹಳೆಯ ಯಂತ್ರದಲ್ಲಿ ಮೊದಲ ಹಣ ಹೋಗಬೇಕಾದದ್ದು ಇಲ್ಲಿಗೆ. ಟಾಸ್ಕ್ ಮ್ಯಾನೇಜರಿನ ಅಂಕಿ ಹಾಗೆ ಹೇಳುತ್ತಿದ್ದರೆ ಇದರಲ್ಲಿ ಎರಡನೆಯ ಯೋಚನೆ ಬೇಡ.

ಕೊಳ್ಳುವಾಗ ಎರಡು ಮೂರು ಸಂಗತಿ ನೆನಪಿಡಿ. ನಮ್ಮ ಎಚ್61 ಬೋರ್ಡಿಗೆ ಬೇಕಾದುದು ಎರಡೂವರೆ ಇಂಚಿನ, ಸಾಟಾ ಕೇಬಲಿಗೆ ಸೇರಿಸುವ ಎಸ್.ಎಸ್.ಡಿ. ಚೂಯಿಂಗ್ ಗಮ್ ಪಟ್ಟಿಯಂತೆ ಕಾಣುವ ಎಂ.2 ಬಗೆಯದು ಹೊಸ ಬೋರ್ಡುಗಳಿಗೆ. ಈ ಬೋರ್ಡಿನಲ್ಲಿ ಅದಕ್ಕೆ ಗೂಡೇ ಇಲ್ಲ. ಎಚ್61ರಲ್ಲಿ ಸಾಟಾ ದಾರಿ ಸೆಕೆಂಡಿಗೆ 300 ಎಂ.ಬಿ. ಮಾತ್ರ ಸಾಗಿಸುತ್ತದೆ, ಎಸ್.ಎಸ್.ಡಿ.ಗೆ 500ಕ್ಕೂ ಹೆಚ್ಚು ಸಾಮರ್ಥ್ಯವಿದೆ, ಅರ್ಧ ವ್ಯರ್ಥ ಎಂದು ಯಾರಾದರೂ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ನಮಗೆ ಲಾಭ ಬರುವುದು ಸಾಲು ಓಟದ ವೇಗದಿಂದಲ್ಲ, ಹೆಕ್ಕುವ ವೇಗದಿಂದ. ಗಾತ್ರ 240 ಅಥವಾ 256 ಜಿ.ಬಿ. ಇದ್ದರೆ ಸಾಕು. 120ರದು ಅಗ್ಗವೆನಿಸಿದರೂ ಬೇಗ ತುಂಬಿಹೋಗುತ್ತದೆ, ತುಂಬಿದ ಎಸ್.ಎಸ್.ಡಿ. ಮತ್ತೆ ನಿಧಾನ. ವಿಂಡೋಸ್ ಮತ್ತು ತಂತ್ರಾಂಶಗಳು ಎಸ್.ಎಸ್.ಡಿ.ಯಲ್ಲಿರಲಿ, ಫೋಟೋ, ಚಲನಚಿತ್ರಗಳಿಗೆ ಹಳೆಯ ಡಿಸ್ಕು ಪಕ್ಕದಲ್ಲೇ ಇರಲಿ. ಕ್ಯಾಬಿನೆಟ್ಟಿನಲ್ಲಿ ಕೂರಿಸುವ ಚೌಕಟ್ಟು ಇಲ್ಲದಿದ್ದರೆ ಎರಡು ಬದಿಯ ಅಂಟುಪಟ್ಟಿ ಹಚ್ಚಿ ಒಂದು ಮೂಲೆಗೆ ಅಂಟಿಸಿದರೂ ನಡೆಯುತ್ತದೆ. ಅಲುಗುವ ಭಾಗವೇ ಇಲ್ಲವಲ್ಲ!

ಮೆಮೊರಿ: 2 ಜಿ.ಬಿ.ಗೆ ಏನಾಗಿದೆ?

ಮೆಮೊರಿ ಎಂದರೆ ನೀವು ಓದುವ ಮೇಜು. ಡಿಸ್ಕು ಎಂದರೆ ಪುಸ್ತಕದ ಬೀರು. ಮೇಜು ಚಿಕ್ಕದಾದರೆ ಒಂದು ಪುಸ್ತಕ ತೆರೆಯಲು ಇನ್ನೊಂದನ್ನು ಬೀರುವಿಗೆ ಇಟ್ಟು ಬರಬೇಕು. ಕಂಪ್ಯೂಟರೂ ಹಾಗೆಯೇ ಮಾಡುತ್ತದೆ: ಮೆಮೊರಿ ತುಂಬಿದಾಗ ಅದರ ಒಂದು ಭಾಗವನ್ನು ಡಿಸ್ಕಿಗೆ ಬರೆದು ಜಾಗ ಮಾಡಿಕೊಳ್ಳುತ್ತದೆ. ಮೆಮೊರಿಯಿಂದ ಒಂದು ಮಾಹಿತಿ ಪಡೆಯಲು ಬೇಕಾಗುವುದು ಸುಮಾರು 100 ನ್ಯಾನೊಸೆಕೆಂಡು. ಅದನ್ನು ಒಂದು ಸೆಕೆಂಡು ಎಂದು ಹಿಗ್ಗಿಸಿ ನೋಡಿದರೆ, ಎಸ್.ಎಸ್.ಡಿ.ಯಿಂದ ಪಡೆಯಲು ಹದಿನೇಳು ನಿಮಿಷ, ಹಾರ್ಡ್ ಡಿಸ್ಕಿನಿಂದ ಪಡೆಯಲು ಒಂದು ದಿನ ಒಂಬತ್ತು ಗಂಟೆ! ಮೆಮೊರಿ ಸಾಲದ ಯಂತ್ರದಲ್ಲಿ ಡಿಸ್ಕಿನ ಅಂಕಿ 100ಕ್ಕೆ ಏರುವ ರಹಸ್ಯ ಇದು. ಎರಡು ರೋಗದಂತೆ ಕಂಡರೂ ಅರ್ಧ ಪಾಲು ಒಂದೇ ರೋಗ.

ನಮ್ಮ ಯಂತ್ರಕ್ಕೆ ಬೇಕಾದುದು ಡಿ.ಡಿ.ಆರ್.3 ಬಗೆಯ ಮೆಮೊರಿ. ಡಿ.ಡಿ.ಆರ್.4 ಪಟ್ಟಿಯ ಕಚ್ಚು ಬೇರೆ ಜಾಗದಲ್ಲಿರುತ್ತದೆ, ಕಾಲುಗಳೂ 240 ಅಲ್ಲ, 288. ಒತ್ತಿದರೂ ಕೂರುವುದಿಲ್ಲ, ಒತ್ತಲೂ ಬಾರದು. ಲ್ಯಾಪ್‌ಟಾಪಿನ ಮೆಮೊರಿ ಗಿಡ್ಡ, ಅದೂ ಇಲ್ಲಿಗೆ ಆಗದು. ಬಹಳ ಅಗ್ಗಕ್ಕೆ ಸಿಗುವ ಕೆಲವು ಡಿ.ಡಿ.ಆರ್.3 ಪಟ್ಟಿಗಳು ಎ.ಎಂ.ಡಿ. ಬೋರ್ಡುಗಳಲ್ಲಿ ಮಾತ್ರ ನಡೆಯುವಂಥವು. ಇಂಟೆಲ್ ಯಂತ್ರಕ್ಕೆ ಹಾಕಿದರೆ ಪರದೆಯೇ ಬರುವುದಿಲ್ಲ. ಆದ್ದರಿಂದ ಬೋರ್ಡಿನ ಹೆಸರನ್ನು ಬರೆದುಕೊಂಡು ಹೋಗಿ, ಅದಕ್ಕೆ ಆಗುತ್ತದೆಯೇ ಎಂದು ಕೇಳಿ ಕೊಳ್ಳಿ. ಸಿ.ಪಿ.ಯು.-ಜಡ್ ಎಂಬ ಉಚಿತ ತಂತ್ರಾಂಶ ಕ್ಯಾಬಿನೆಟ್ ಬಿಚ್ಚದೆಯೇ ಬೋರ್ಡಿನ ಹೆಸರು, ಮೆಮೊರಿಯ ಬಗೆ, ಎಷ್ಟು ಗೂಡು ಖಾಲಿ ಎಂಬುದನ್ನು ಹೇಳುತ್ತದೆ.

ಎಚ್61 ಬೋರ್ಡುಗಳಲ್ಲಿ ಇರುವುದು ಎರಡೇ ಗೂಡು. 4 ಜಿ.ಬಿ.ಯ ಒಂದೇ ಬಗೆಯ ಎರಡು ಪಟ್ಟಿ ಹಾಕಿದರೆ ಉತ್ತಮ. ಮೆಮೊರಿಗೆ ಹೋಗಿಬರಲು ಎರಡು ದಾರಿ ಒಟ್ಟಿಗೆ ತೆರೆಯುತ್ತವೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಪರದೆಯ ಚಿತ್ರವೂ ಇದೇ ಮೆಮೊರಿಯನ್ನು ಬಳಸುವುದರಿಂದ ಅದರ ಪ್ರಯೋಜನ ಕಾಣುತ್ತದೆ. ಹಣ ಸಾಲದಿದ್ದರೆ ಇರುವ 2ರ ಪಕ್ಕದಲ್ಲಿ 4 ಜಿ.ಬಿ.ಯ ಒಂದು ಪಟ್ಟಿ ಸೇರಿಸಿ 6 ಮಾಡಿಕೊಳ್ಳಿ. ಅದೂ ನಡೆಯುತ್ತದೆ.

ಇಲ್ಲೊಂದು ಗುಂಡಿ ಇದೆ, ಬಹಳ ಮಂದಿ ಬೀಳುವ ಗುಂಡಿ. ನಮ್ಮ ಮನೆಯ ವಿಂಡೋಸ್ 32 ಬಿಟ್ಟಿನದು ಎಂದೆನಲ್ಲ. 32 ಬಿಟ್ಟುಗಳಿಂದ ಬರೆಯಬಹುದಾದ ವಿಳಾಸಗಳು ಎರಡರ 32ನೆಯ ಘಾತ, ಅಂದರೆ 4,29,49,67,296. ಒಂದು ಬೈಟಿಗೆ ಒಂದು ವಿಳಾಸ. ಹೀಗಾಗಿ 4 ಜಿ.ಬಿ. ದಾಟಿ ಅದಕ್ಕೆ ಎಣಿಸಲು ಬರುವುದಿಲ್ಲ. ಅದರಲ್ಲೂ ಒಂದಷ್ಟು ವಿಳಾಸ ಇತರ ಉಪಕರಣಗಳಿಗೆ ಹೋಗಿ, ಉಳಿಯುವುದು ಮೂರು ಚಿಲ್ಲರೆ. 8 ಜಿ.ಬಿ. ತಂದು ಹಾಕಿ, 32 ಬಿಟ್ಟಿನ ವಿಂಡೋಸನ್ನೇ ಉಳಿಸಿಕೊಂಡರೆ ಅರ್ಧಕ್ಕಿಂತ ಹೆಚ್ಚು ದುಡ್ಡನ್ನು ತುಂಗಭದ್ರೆಗೆ ಎಸೆದಂತೆ. ಮೇಲ್ದರ್ಜೆಗೆ ಏರಿಸಿದಾಗ ಈ 32, 64 ಎಂಬುದು ತಾನಾಗಿ ಬದಲಾಗುವುದಿಲ್ಲ, ಹೊಸದಾಗಿಯೇ ಹಾಕಬೇಕು. ಎಸ್.ಎಸ್.ಡಿ. ಹಾಕುವ ದಿನವೇ 64 ಬಿಟ್ಟಿನದನ್ನು ಹಾಕಿಸಿದರೆ ಎರಡು ಕೆಲಸ ಒಂದೇ ಬಾರಿಗೆ ಮುಗಿಯುತ್ತದೆ.

ಬೆಲೆಯ ಬಗ್ಗೆ ಒಂದು ಮಾತು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಪ್ರಪಂಚದಾದ್ಯಂತ ಜಿಗಿಯಿತು. ಕೃತಕ ಬುದ್ಧಿಮತ್ತೆಯ ದೊಡ್ಡ ಕಂಪ್ಯೂಟರು ಕೇಂದ್ರಗಳಿಗೆ ಬೇಕಾದ ಮೆಮೊರಿಯತ್ತ ತಯಾರಕರು ತಿರುಗಿಕೊಂಡದ್ದು ಅದಕ್ಕೆ ಮುಖ್ಯ ಕಾರಣ. ಹೀಗಾಗಿ ಹಿಂದಿನ ವರ್ಷ ಗೆಳೆಯ ಕೊಂಡ ಬೆಲೆಯನ್ನು ನಂಬಿ ಲೆಕ್ಕ ಹಾಕಬೇಡಿ, ಕೊಳ್ಳುವ ದಿನ ಎರಡು ಮೂರು ಕಡೆ ವಿಚಾರಿಸಿ. ಡಿ.ಡಿ.ಆರ್.3 ಆದರೆ ಬಳಸಿದ್ದನ್ನು ಕೊಳ್ಳಲು ಹಿಂಜರಿಯಬೇಕಾಗಿಲ್ಲ. ಅದರಲ್ಲಿ ಸವೆಯುವ ಭಾಗವಿಲ್ಲ. ಮೆಮ್‌ಟೆಸ್ಟ್ 86 ಎಂಬ ಉಚಿತ ಪರೀಕ್ಷೆಯನ್ನು ಒಂದು ರಾತ್ರಿ ಓಡಿಸಿ, ದೋಷ ಬಂದರೆ ಮಾರನೆಯ ದಿನವೇ ಹಿಂದಿರುಗಿಸುತ್ತೇನೆ ಎಂದು ಮಾತಾಡಿಕೊಂಡು ತನ್ನಿ.

ಯಾರೂ ನೋಡದ ಡಬ್ಬಿ

ಕ್ಯಾಬಿನೆಟ್ಟಿನ ಮೂಲೆಯಲ್ಲಿ ಫ್ಯಾನು ಇರುವ ಒಂದು ತಗಡಿನ ಡಬ್ಬಿ ಇದೆ, ಎಸ್.ಎಂ.ಪಿ.ಎಸ್. ಗೋಡೆಯ 230 ವೋಲ್ಟನ್ನು 12, 5, 3.3 ವೋಲ್ಟುಗಳಿಗೆ ಇಳಿಸಿ ಎಲ್ಲ ಭಾಗಗಳಿಗೂ ಉಣಿಸುವುದು ಇದೇ. ಅಗ್ಗದ ಕ್ಯಾಬಿನೆಟ್ಟಿನ ಜೊತೆಗೆ ಬರುವ ಡಬ್ಬಿಗಳ ಮೇಲೆ 450 ವ್ಯಾಟ್ ಎಂದು ದೊಡ್ಡದಾಗಿ ಬರೆದಿರುತ್ತದೆ. ಅದರ ಪಕ್ಕದ ಸಣ್ಣ ಅಕ್ಷರದ ಪಟ್ಟಿಯನ್ನು ಓದಿ. ಪ್ರೊಸೆಸರಿಗೂ ಗ್ರಾಫಿಕ್ಸಿಗೂ ಹೋಗುವುದು ಮುಖ್ಯವಾಗಿ 12 ವೋಲ್ಟಿನ ವಿದ್ಯುತ್ತು. ಅಲ್ಲಿ 14 ಆಂಪಿಯರ್ ಎಂದಿದ್ದರೆ, ವೋಲ್ಟನ್ನು ಆಂಪಿಯರಿನಿಂದ ಗುಣಿಸಿ: 168 ವ್ಯಾಟ್. 450 ಎಲ್ಲಿ, 168 ಎಲ್ಲಿ? ಹತ್ತನೆಯ ತರಗತಿಯ ಸೂತ್ರ ಅಂಗಡಿಯ ಮುಂದೆ ನಿಂತಾಗ ಹೀಗೆ ಉಪಯೋಗಕ್ಕೆ ಬರುತ್ತದೆ.

ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಮ್ಮ ಐ3 ಯಂತ್ರ ಎಷ್ಟೇ ದುಡಿದರೂ 100 ವ್ಯಾಟಿನ ಆಸುಪಾಸಿನಲ್ಲಿ ಇರುತ್ತದೆ. ಆದ್ದರಿಂದ ಡಬ್ಬಿ ಸುಸ್ಥಿತಿಯಲ್ಲಿದ್ದರೆ ಸಾಕು. ಆದರೆ ಹತ್ತು ಹನ್ನೆರಡು ವರ್ಷ ದಾವಣಗೆರೆಯ ಬೇಸಿಗೆ, ಧೂಳು, ಏರಿಳಿಯುವ ವೋಲ್ಟೇಜು ಇವನ್ನೆಲ್ಲ ಉಂಡ ಡಬ್ಬಿ ಅದು. ಅದು ಸುಟ್ಟರೆ ಕೆಲವೊಮ್ಮೆ ತಾನೊಂದೇ ಹೋಗದೆ ಮದರ್‌ಬೋರ್ಡನ್ನೂ, ನೀವು ಹೊಸದಾಗಿ ಹಾಕಿದ ಎಸ್.ಎಸ್.ಡಿ.ಯನ್ನೂ ಕರೆದುಕೊಂಡು ಹೋಗುತ್ತದೆ. ಸುಟ್ಟ ವಾಸನೆ, ತಾನಾಗಿ ಮರುಚಾಲೂ ಆಗುವುದು, ಫ್ಯಾನಿನ ಕರಕರ ಸದ್ದು ಇವುಗಳಲ್ಲಿ ಯಾವುದಾದರೂ ಇದ್ದರೆ ಮೆಮೊರಿಯನ್ನು ಮುಂದಿನ ತಿಂಗಳಿಗೆ ತಳ್ಳಿ, ಮೊದಲು ಒಳ್ಳೆಯ ಕಂಪನಿಯ ಎಸ್.ಎಂ.ಪಿ.ಎಸ್. ಕೊಳ್ಳಿ. ಬಳಸಿದ ಎಸ್.ಎಂ.ಪಿ.ಎಸ್. ಮಾತ್ರ ಯಾರು ಪುಕ್ಕಟೆ ಕೊಟ್ಟರೂ ಬೇಡ. ಒಳಗಡೆ ತಾನೇ ಬಿಚ್ಚಿ ನೋಡುತ್ತೇನೆ ಎಂದೂ ಹೊರಡಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವೋಲ್ಟೇಜು ಉಳಿದಿರುತ್ತದೆ.

ಇದೇ ಸಮಯದಲ್ಲಿ ಖರ್ಚಿಲ್ಲದ ಕೆಲಸಗಳನ್ನೂ ಮಾಡಿಬಿಡಿ. ಪ್ಲಗ್ ತೆಗೆದು, ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಂಡು, ಒಣ ಪೇಂಟ್ ಬ್ರಷ್ಷಿನಿಂದ ಧೂಳು ತೆಗೆಯಿರಿ. ಮಂಡಕ್ಕಿ ಭಟ್ಟಿಗಳ ಹತ್ತಿರ ಮನೆಯಿರುವವರಿಗೆ ಆ ಧೂಳು ಮಸಿಯೊಡನೆ ಸೇರಿ ಕಂಬಳಿಯಂತೆ ಕುಳಿತಿರುವುದು ಕಾಣುತ್ತದೆ. ಪ್ರೊಸೆಸರಿನ ಮೇಲಿನ ಶಾಖವಾಹಕ ಪೇಸ್ಟು ಒಣಗಿದ್ದರೆ ಹೊಸದು ಹಚ್ಚಿಸಿ. ಬಿಸಿ ಮಿತಿಮೀರಿದಾಗ ಪ್ರೊಸೆಸರು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮೆಮೊರಿ ಪಟ್ಟಿಯ ಕಾಲುಗಳನ್ನು ಪೆನ್ಸಿಲಿನ ರಬ್ಬರಿನಿಂದ ಹಗುರವಾಗಿ ಉಜ್ಜಿ. ದಿನವೂ ಗಡಿಯಾರ ಹಿಂದಿನ ಯಾವುದೋ ವರ್ಷ ತೋರಿಸುತ್ತಾ, ಜಾಲತಾಣಗಳು ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುತ್ತಿದ್ದರೆ, ಬೋರ್ಡಿನ ಮೇಲಿರುವ ನಾಣ್ಯದಾಕಾರದ 2032 ಬ್ಯಾಟರಿ ಮುಗಿದಿದೆ ಎಂದರ್ಥ. ಒಂದು ಬೆಣ್ಣೆದೋಸೆಯ ದುಡ್ಡಿನಲ್ಲಿ ಅದು ಸರಿಹೋಗುತ್ತದೆ. ಇಷ್ಟಕ್ಕೇ ಕಂಪ್ಯೂಟರು ಕೆಟ್ಟಿತೆಂದು ಮೂಲೆಗೆ ತಳ್ಳಿದವರೂ ಇದ್ದಾರೆ.

ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು

ಎಸ್.ಎಸ್.ಡಿ., ಮೆಮೊರಿ ಎರಡೂ ಆದಮೇಲೆ ಮತ್ತೆ ಟಾಸ್ಕ್ ಮ್ಯಾನೇಜರ್ ನೋಡಿ. ಈಗ ಸಿ.ಪಿ.ಯು. 100ಕ್ಕೆ ಏರುತ್ತಿದ್ದರೆ ಮಾತ್ರ ಪ್ರೊಸೆಸರಿನ ಯೋಚನೆ. ನಮ್ಮ ಬೋರ್ಡಿನ ಗೂಡು 1155 ಕಾಲುಗಳದು. ಅದಕ್ಕೆ ಎರಡನೆಯ ಮತ್ತು ಮೂರನೆಯ ಪೀಳಿಗೆಯವು ಮಾತ್ರ ಹೊಂದುತ್ತವೆ, ಮೂರನೆಯದಕ್ಕೆ ಬೋರ್ಡಿನ ಬಯೋಸ್ ಹೊಸದಾಗಿರಬೇಕು. ಎರಡು ಕೋರುಗಳ ಐ3ರ ಜಾಗದಲ್ಲಿ ನಾಲ್ಕು ಕೋರುಗಳ ಹಳೆಯ ಐ5 ಕೂರಿಸಿದರೆ ಪ್ರಯೋಜನ ಉಂಟು, ಬಳಸಿದ್ದು ಸಿಕ್ಕರೆ ಸಾಕು. ಇಷ್ಟಕ್ಕಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿಬರುತ್ತೇನೆ ಎನ್ನುವವರು ರೈಲಿನ ಖರ್ಚನ್ನೂ, ಭಾಗ ಕೆಟ್ಟಿದ್ದರೆ ಮತ್ತೆ 260 ಕಿಲೋಮೀಟರು ಹೋಗಬೇಕಾದುದನ್ನೂ ಬೆಲೆಗೆ ಸೇರಿಸಿ ನೋಡಲಿ. ನೂರಿನ್ನೂರು ಹೆಚ್ಚಾದರೂ ಊರಿನ ಅಂಗಡಿಯೇ ಮೇಲು ಎಂದು ನನ್ನ ಎಣಿಕೆ. ರಶೀದಿ ಹಿಡಿದು ನಾಳೆಯೂ ಹೋಗಬಹುದು.

ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ನಿಮಗೆ ಬೇಸರವಾಗುವ ಮಾತನ್ನೇ ಹೇಳಬೇಕಾಗಿದೆ. ಪೈಥಾನ್, ಸಿ ಭಾಷೆ, ಟ್ಯಾಲಿ, ನುಡಿ, ಬ್ರೌಸರು ಇವುಗಳಿಗೆ ಅದು ಬೇಡ. ಬೋರ್ಡಿನ ಗೂಡಿನಿಂದ ಕಾರ್ಡಿಗೆ ಸಿಗುವುದು ಗರಿಷ್ಠ 75 ವ್ಯಾಟ್. ಅದಕ್ಕಿಂತ ದೊಡ್ಡ ಕಾರ್ಡಿಗೆ ಮೊದಲು ಎಸ್.ಎಂ.ಪಿ.ಎಸ್. ಬದಲಿಸಬೇಕು, ಅಲ್ಲಿಗೆ ಐದು ಸಾವಿರ ಎಲ್ಲಿ ಹೋಯಿತೋ ತಿಳಿಯದು. ಎಂಜಿನಿಯರಿಂಗ್ ಓದುವ ಮಗಳಿಗೆ ಇತ್ತೀಚಿನ ಮೂರು ಆಯಾಮದ ವಿನ್ಯಾಸ ತಂತ್ರಾಂಶ ಬೇಕಾದರೆ ಈ ಯಂತ್ರವನ್ನು ಎಷ್ಟು ತಿದ್ದಿದರೂ ಅದು ಆ ಭಾರ ಹೊರುವುದಿಲ್ಲ. ಆ ಕೆಲಸ ಕಾಲೇಜಿನ ಲ್ಯಾಬಿನಲ್ಲಿ ನಡೆಯಲಿ.

ವಿಂಡೋಸ್ 10 ಮುಗಿದ ಮೇಲೆ

ಬಿಡಿಭಾಗಗಳ ಆಚೆಗೆ ಇನ್ನೊಂದು ತೊಡಕು ಇದೆ. ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಉಚಿತ ಬೆಂಬಲ ನಿಲ್ಲಿಸಿತು; ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತಿದ್ದುಪಡಿಗಳನ್ನು ಕೊಡುವುದಾಗಿ ಪ್ರಕಟಿಸಿತ್ತು. ವಿಂಡೋಸ್ 11 ಕೇಳುವುದು ಇಂಟೆಲ್‌ನಲ್ಲಾದರೆ ಎಂಟನೆಯ ಪೀಳಿಗೆ ಅಥವಾ ಅದರ ಮುಂದಿನ ಪ್ರೊಸೆಸರು, ಜೊತೆಗೆ ಟಿ.ಪಿ.ಎಂ. 2.0 ಎಂಬ ಭದ್ರತಾ ಏರ್ಪಾಡು. ನಮ್ಮ ಯಂತ್ರದಲ್ಲಿ ಎರಡೂ ಇಲ್ಲ. ಬಿಡಿಭಾಗ ಸೇರಿಸಿ ಇದನ್ನು ಸರಿಪಡಿಸಲಾಗದು. ಅಂಗಡಿಯವರು ನಿಯಮ ತಪ್ಪಿಸಿ ಹಾಕಿಕೊಡುತ್ತೇನೆ ಎಂದರೆ, ಮುಂದಿನ ತಿದ್ದುಪಡಿಗಳು ಬರುತ್ತವೆಯೇ ಎಂಬುದಕ್ಕೆ ಹೊಣೆ ಯಾರೂ ಅಲ್ಲ.

ಉಳಿದಿರುವ ಒಳ್ಳೆಯ ದಾರಿ ಲಿನಕ್ಸ್. ಲಿನಕ್ಸ್ ಮಿಂಟ್, ಉಬುಂಟು ಇವೆಲ್ಲ ಉಚಿತ, 8 ಜಿ.ಬಿ. ಮೆಮೊರಿ, ಎಸ್.ಎಸ್.ಡಿ. ಇರುವ ಈ ಯಂತ್ರದಲ್ಲಿ ಮಿಂಟ್ ಹಗುರವಾಗಿ ಓಡುತ್ತದೆ. ಬ್ರೌಸರು, ಪೈಥಾನ್, ಸಿ, ಯೂನಿಕೋಡ್ ಕನ್ನಡ ಎಲ್ಲವೂ ಅದರಲ್ಲಿ ಉಂಟು. ಲಿಬ್ರೆ ಆಫೀಸಿನ ಆದೇಶಗಳನ್ನೇ ಕನ್ನಡದಲ್ಲಿ ಓದಬಹುದು. ಆದರೆ ಟ್ಯಾಲಿ ಮತ್ತು ನುಡಿ ವಿಂಡೋಸಿಗಾಗಿ ಮಾಡಿದವು. ಹಾಗಾಗಿ ತಂದೆಯವರ ಲೆಕ್ಕ ಹಳೆಯ ಡಿಸ್ಕಿನ ವಿಂಡೋಸಿನಲ್ಲಿ ಅಂತರ್ಜಾಲವಿಲ್ಲದೆ ಇರಲಿ, ಮಕ್ಕಳ ಓದು, ಅರ್ಜಿ, ಬ್ಯಾಂಕಿನ ವ್ಯವಹಾರ ಎಸ್.ಎಸ್.ಡಿ.ಯ ಲಿನಕ್ಸಿನಲ್ಲಿ ಇರಲಿ. ಯಂತ್ರ ಏಳುವಾಗ ಯಾವುದು ಬೇಕೆಂದು ಆರಿಸಿಕೊಳ್ಳಬಹುದು. ಪೆನ್‌ಡ್ರೈವಿನಿಂದಲೇ ಲಿನಕ್ಸನ್ನು ಓಡಿಸಿ ನೋಡುವ ಅನುಕೂಲವಿದೆ. ದುಡ್ಡು ಹಾಕುವ ಮೊದಲೇ ಒಂದು ಭಾನುವಾರ ಇದನ್ನು ಪರೀಕ್ಷಿಸಿ.

ಯಾವಾಗ ಕೈಬಿಡಬೇಕು? ಬೋರ್ಡಿನ ಮೇಲಿನ ಕೆಪಾಸಿಟರುಗಳ ತಲೆ ಉಬ್ಬಿದ್ದರೆ, ಮೆಮೊರಿ ಡಿ.ಡಿ.ಆರ್.2 ಬಗೆಯದಾಗಿದ್ದರೆ, ಬೋರ್ಡು 4 ಜಿ.ಬಿ.ಗಿಂತ ಹೆಚ್ಚು ಒಪ್ಪದಿದ್ದರೆ, ಹಣ ಹಾಕಬೇಡಿ. ಬೆಂಗಳೂರಿನ ಕಚೇರಿಗಳು ಬಳಸಿ ಬಿಟ್ಟ ಕಂಪ್ಯೂಟರುಗಳು ಓರಣವಾಗಿ ಮಾರಾಟಕ್ಕೆ ಬರುತ್ತವೆ. ನಿಮ್ಮ ರಿಪೇರಿಯ ಖರ್ಚು ಅಂಥದೊಂದರ ಬೆಲೆಯ ಅರ್ಧ ದಾಟಿದರೆ ಅದನ್ನೇ ನೋಡಿ. ಆಗ ಐ5, ಐ7 ಎಂಬ ಹೆಸರಿಗೆ ಮಾರುಹೋಗದೆ ಅದರ ಮುಂದಿನ ಸಂಖ್ಯೆ ಓದಿ. ಐ5-3470 ಮೂರನೆಯ ಪೀಳಿಗೆ, ಐ3-8100 ಎಂಟನೆಯದು. ಎರಡರಲ್ಲೂ ನಾಲ್ಕೇ ಕೋರು. ಹೆಸರಿನಲ್ಲಿ ಕಿರಿಯದಾದ ಐ3 ವಿಂಡೋಸ್ 11ಕ್ಕೆ ಅರ್ಹ, ಹಿರಿಯದಾದ ಐ5 ಅಲ್ಲ.

ಕೊನೆಯದಾಗಿ, ಅಂಗಡಿಗೆ ಯಂತ್ರ ಒಯ್ಯುವ ಮೊದಲು ಫೋಟೋ, ಅಂಕಪಟ್ಟಿ, ಟ್ಯಾಲಿಯ ಕಡತಗಳನ್ನು ಇನ್ನೊಂದು ಕಡೆ ನಕಲು ಮಾಡಿಡಿ. ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ಉಚಿತ ತಂತ್ರಾಂಶ ಹಳೆಯ ಡಿಸ್ಕು ಎಷ್ಟು ಗಂಟೆ ಓಡಿದೆ, ಹಾಳಾದ ಜಾಗಗಳಿವೆಯೇ ಎಂದು ತಿಳಿಸುತ್ತದೆ. ಹಳದಿ ಅಥವಾ ಕೆಂಪು ಗುರುತು ಬಂದರೆ ಆ ಡಿಸ್ಕಿನಲ್ಲಿ ಲೆಕ್ಕದ ಕಡತ ಇಡಬೇಡಿ. ತೆಗೆದ 2 ಜಿ.ಬಿ. ಪಟ್ಟಿಯನ್ನು ಅಂಗಡಿಯವರು ಅಲ್ಪಸ್ವಲ್ಪಕ್ಕೆ ಕೊಳ್ಳಬಹುದು. ಯು.ಪಿ.ಎಸ್. ಬ್ಯಾಟರಿ ಬದಲಿಸಿದ್ದರೆ ಹಳೆಯದರೊಳಗೆ ಸೀಸ ಮತ್ತು ಆಮ್ಲ ಇರುವುದರಿಂದ ಅದನ್ನು ಗುಜರಿಗೂ ತಿಪ್ಪೆಗೂ ಹಾಕದೆ, ಹೊಸದನ್ನು ಕೊಂಡ ಅಂಗಡಿಗೇ ಕೊಟ್ಟು ಬೆಲೆಯಲ್ಲಿ ಕಡಿತ ಕೇಳಿ.